ತುಂಗವ್ವನ ಪಾಳಿ

ನೌಕರಿಯ ಆರ್ಡರು ಕೈಗೆ ಬಂದ ದಿನ ನೀಲಾಂಬಿಕಾ ಒಂದು ಮಾತು ಕೊಟ್ಟಿದ್ದಳು. ಕೊಟ್ಟದ್ದು ತನ್ನನ್ನು ಸಾಕಿದ ಚಿಗವ್ವ ತುಂಗವ್ವನಿಗೆ, ಅವಳ ಮನೆಯ ಕಟ್ಟೆಯ ಮೇಲೆ ಕೂತು, ಬಾಯಿ ತುಂಬ ಪೇಡೆ ಇಟ್ಟುಕೊಂಡು.

"ಚಿಗವ್ವ, ನಾ ಈ ಊರಾಗ ನೀರಿನ ಕೆಲಸದಾಗ ಇರೋತನಕ ನಿನ್ನ ನಳದ ಪಾಳಿ ತಪ್ಪಸಂಗಿಲ್ಲ."

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ತುಂಗವ್ವ ಬೆರಳಿನಿಂದ ನೆಲ ತಟ್ಟಿ, "ಸತ್ಯ ಅಂತಂತ. ಸಾಕ್ಷಿ ಆತು. ಇನ್ನ ನೀ ನುಣಚಿಕೊಳ್ಳಾಕ ಬರಂಗಿಲ್ಲ ನೋಡ" ಎಂದು ನಕ್ಕಳು.

ಕೊಟ್ಟಷ್ಟು ಸುಲಭವಾಗಿರಲಿಲ್ಲ ಆ ಮಾತು. ಕಲ್ಲಹಾಳದ ಗುಡ್ಡದ ಓಣಿ ಸಂತೆಬಯಲಿನಿಂದ ಶುರುವಾಗಿ ಏಣಿಯ ಹಾಗೆ ಮೇಲಕ್ಕೆ ಹೋಗುತ್ತದೆ. ತುಂಗವ್ವನದು ಕಟ್ಟಕಡೆಯ ಮನೆ. ಊರಿಗೆ ನೀರು ಬಿಡುವುದು ವಾರಕ್ಕೊಮ್ಮೆ, ಅದೂ ಪಂಪು ನಡೆಯುವ ಎರಡು ಮೂರು ತಾಸು. ನೀರು ಬಂತೆಂದರೆ ಕೆಳಗಿನ ಮನೆಗಳವರು ನಳಕ್ಕೇ ಮೋಟಾರು ಹಚ್ಚಿ ಎಳೆಯುತ್ತಿದ್ದರು. ಟಾಕಿ ತುಂಬಿದ ಮೇಲೆ ಬ್ಯಾರಲ್ಲು, ಬ್ಯಾರಲ್ಲು ತುಂಬಿದ ಮೇಲೆ ಬೋಗುಣಿ, ಕಡೆಗೆ ಚಹಾದ ಕಪ್ಪುಗಳವರೆಗೆ. ಅವರೇನು ದುಷ್ಟರಲ್ಲ. ಮುಂದಿನ ವಾರ ಬರುತ್ತದೋ ಇಲ್ಲವೋ ಎಂಬ ಹೆದರಿಕೆ, ನಾನು ಬಿಟ್ಟರೆ ಬಾಜೂದವನು ಎಳೆಯುತ್ತಾನೆಂಬ ಗುಮಾನಿ. ಮೇಲಿನ ಮನೆಯ ನಳದಲ್ಲಿ ಮಾತ್ರ ಗಾಳಿ ಸುಯ್ಯೆನ್ನುತ್ತಿತ್ತು.

ನೀಲಾಂಬಿಕಾ ಸೆಕ್ಷನ್ ಎಂಜಿನಿಯರ್ ಆಗಿ ಆ ಮೋಟಾರುಗಳನ್ನು ಎಷ್ಟೋ ಸಲ ಕಿತ್ತು ತರಿಸಿದಳು. ಪ್ರತಿ ಸಲವೂ ಯಾರೋ ಒಬ್ಬರ ಫೋನು ಬಂದು ಅವು ಜೀಪಿನಲ್ಲೇ ಮನೆಗೆ ಮರಳಿದವು. ತುಂಗವ್ವ ಕೊಡ ಹೊತ್ತು ಇಳಿದು ಏರುವುದು ತಪ್ಪಲಿಲ್ಲ. ಕೊಟ್ಟ ಮಾತಿನ ಬಗ್ಗೆ ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನೀಲಾಂಬಿಕಾಳಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಹೀಗಿರುವಾಗ ಕಾಲೇಜಿನ ಪ್ರಯೋಗಾಲಯದಿಂದ ಇನಾಮದಾರ ಸರ್ ತಮ್ಮ ಪೆಟ್ಟಿಗೆಗಳನ್ನು ತಂದರು. ಅಂಗೈಯಗಲದ ಪೆಟ್ಟಿಗೆ, ಮನೆಯೊಳಗೆ ನಳ ಬರುವ ಜಾಗದಲ್ಲಿ ಕೂರುವಂಥದ್ದು. ಟಾಕಿಯಲ್ಲಿ ಎಷ್ಟು ನೀರಿದೆ, ಆ ಮನೆಯವರು ಹೇಗೆ ಬಳಸುತ್ತಾರೆ ಎಂಬುದನ್ನು ದಿನದಿಂದ ದಿನಕ್ಕೆ ಕಲಿತು, ವಾಲ್ವನ್ನು ತಾನೇ ತೆಗೆದು ತಾನೇ ಮುಚ್ಚುತ್ತಿತ್ತು. ಅದು ಬಂದ ಮೇಲೆ ಮೋಟಾರು ಹಚ್ಚಲು ಜಾಗವಿರಲಿಲ್ಲ. ಆದರೆ ಮೊದಲ ತಿಂಗಳು ಏನೂ ಬದಲಾಗಲಿಲ್ಲ. ನೀರು ಬಂದ ಕೂಡಲೇ ಪ್ರತಿ ಪೆಟ್ಟಿಗೆಯೂ ತನ್ನ ಯಜಮಾನನಂತೆಯೇ ಬಾಯಿ ಪೂರಾ ತೆರೆದು ಕೂತಿತು.

"ಇವಕ್ಕ ಬುದ್ಧಿ ಐತಿ ಅಂದಿದ್ರೆಲ್ಲರಿ ಸರ್" ಎಂದಳು ನೀಲಾಂಬಿಕಾ.

"ಬುದ್ಧಿ ಅದ, ಬಾಯಿ ಇಲ್ಲ" ಎಂದರು ಇನಾಮದಾರ. "ಬಾಜೂ ಮನಿದು ಏನ್ ಮಾಡ್ತದ ಅನ್ನೂದು ಯಾವುದಕ್ಕೂ ಗೊತ್ತಿಲ್ಲ. ಗೊತ್ತಿಲ್ಲಂದ್ರ ಯಾರರೆ ಯಾಕ ಬಿಟ್ಟುಕೊಡ್ತಾರ? ಮಾತಾಡ್ಲಿಕ್ಕೆ ಬಿಡೋಣ."

ಮಾತೆಂದರೆ ತಟ್ಟುವುದು. ಪೆಟ್ಟಿಗೆಯೊಳಗಿನ ಸಣ್ಣ ಸುತ್ತಿಗೆ ಕಬ್ಬಿಣದ ಕೊಳವೆಯನ್ನು ಕುಟ್ಟಿದರೆ ಆ ಸದ್ದು ನೆಲದೊಳಗಿನಿಂದ ಓಣಿಯ ತುದಿಯವರೆಗೂ ಹರಿಯುತ್ತಿತ್ತು. ಮೊದಲು ತನ್ನ ಹೆಸರು, ಅಂದರೆ ಪ್ರತಿ ಮನೆಗೂ ಬೇರೆ ಬೇರೆಯಾದ ತಟ್ಟಿನ ವರಸೆ. ಆಮೇಲೆ ಇನಾಮದಾರ ಕೊಟ್ಟ ಕೆಲವೇ ಮಾತು: ಇಷ್ಟಿದೆ, ಇಷ್ಟು ಬೇಕು, ನಿನಗೆ ಬಿಡುತ್ತೇನೆ, ಸಾಕು. ನೀರು ಪಡೆದ ಪೆಟ್ಟಿಗೆ 'ಸಾಕು' ಎಂದ ಮೇಲೆಯೇ ಅದಕ್ಕೆ ಪಾಳಿ ಬಿಟ್ಟುಕೊಟ್ಟವು ತಮ್ಮ ವಾಲ್ವು ತೆರೆಯುವುದು. ಯಜಮಾನಿಕೆ ಯಾರಿಗೂ ಇಲ್ಲ, ತಪ್ಪಿದರೆ ದಂಡ ಇಲ್ಲ. ಸುಳ್ಳು ಹೇಳಲೂ ಅಡ್ಡಿ ಇರಲಿಲ್ಲ, ಮೊದಮೊದಲು ಹೇಳಿದವು ಕೂಡ. ಆದರೆ ಸುಳ್ಳು ಹೇಳಿದ ಮನೆ ಮುಂದಿನ ಸಲ 'ಬೇಕು' ಎಂದಾಗ ಯಾರೂ ನಂಬಲಿಲ್ಲ. ತಟ್ಟಿದವು, ಜಗಳಾಡಿದವು, ಮತ್ತೆ ತಟ್ಟಿದವು. ಒಂದು ಬೆಳಿಗ್ಗೆ ಕೆಳಗಿನ ಮನೆಗಳ ವಾಲ್ವುಗಳು ಒಂದಾದ ಮೇಲೊಂದು ತಾವಾಗಿಯೇ ಮುಚ್ಚಿಕೊಂಡವು. ನೀರು ಗುಡ್ಡ ಹತ್ತಿತು.

ತುಂಗವ್ವನ ನಳ ಮೊದಲು ಕೆಮ್ಮಿತು, ತುಕ್ಕು ಉಗುಳಿತು, ಆಮೇಲೆ ಹರಿಯಿತು. ಅವಳು ಕೊಡ ಹಿಡಿಯಲಿಲ್ಲ. ಎಷ್ಟೋ ಹೊತ್ತು ಅಂಗೈ ಒಡ್ಡಿ ನಿಂತಳು. "ತಣ್ಣಗೈತಿ" ಎಂದಷ್ಟೇ ಅಂದಳು.

ಲೊಚಗುಟ್ಟುವ ಆ ಪೆಟ್ಟಿಗೆಗಳಿಗೆ ಓಣಿಯವರು ಹಲ್ಲಿ ಎಂದು ಹೆಸರಿಟ್ಟರು. ಪಡಸಾಲೆಯಲ್ಲಿ ಕೂತವರಿಗೆ ಗೋಡೆಯೊಳಗಿನಿಂದ ಅವುಗಳ ಮಾತು ಕೇಳುತ್ತಿತ್ತು. ಯಾವ ವರಸೆ ಯಾರ ಮನೆಯದೆಂದು ಮಕ್ಕಳು ಬೇಗ ಕಲಿತುಬಿಟ್ಟರು. ಎರಡು ನಿಧಾನದ ತಟ್ಟು, ಒಂದು ಗಡಿಬಿಡಿಯದು ಎಂದರೆ ತುಂಗಜ್ಜಿ. ಎಂದೋ ಕಸದ ಸಲುವಾಗಿ ಮಾತು ಬಿಟ್ಟಿದ್ದ ಗೌರವ್ವ, "ನಮ್ಮ ಹಲ್ಲಿ ನಿಮ್ಮ ಹಲ್ಲಿಗೆ ಪಾಳಿ ಬಿಟ್ಟುಕೊಡ್ತಂತ, ನಮ್ಮಿಬ್ಬರಿಗೇನು ಧಾಡಿ" ಎಂದು ಮಾಬೂಬಿಯ ಮನೆಗೆ ಹೋಗಿ ಚಹಾ ಕುಡಿದು ಬಂದಳು. ಮೋಟಾರುಗಳು ಗುಜರಿಗೆ ಹೋದವು.

ಎರಡು ಮಳೆಗಾಲ ಕಳೆದ ಮೇಲೆ ತುಂಗವ್ವ ನಿದ್ದೆಯಲ್ಲೇ ಹೋದಳು.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಬೇರೆ ಕಡೆ ಒಂದು ಕೊಡ ಚೆಲ್ಲಿ ಶಾಸ್ತ್ರ ಮುಗಿಸುತ್ತಾರೆ. ಗುಡ್ಡದ ಓಣಿಯವರು ಹಾಗಲ್ಲ. ಹೆಂಗಸರು ಸಾಲುಗಟ್ಟಿ ಕೊಡ ಹಿಡಿದು ಅವಳ ಟಾಕಿಯನ್ನು ತಳ ಕಾಣುವವರೆಗೆ ಬರಿದು ಮಾಡಿದರು. ನೀರು ಓಣಿಯ ನಡುವೆ ಹರಿದು ಸಂತೆಬಯಲು ಸೇರಿತು. ಮೇಲಿನ ಮನೆಯ ಹಲ್ಲಿಗೆ ಸಾವು ಗೊತ್ತಿಲ್ಲ. ತನ್ನ ಟಾಕಿ ಒಮ್ಮೆಗೇ ಬರಿದಾದದ್ದು ಗೊತ್ತು. ಅದು 'ಬೇಕು, ಬೇಕು' ಎಂದು ಕುಟ್ಟಿತು. ಅಳುವ ಗದ್ದಲದಲ್ಲಿ ಯಾರೂ ಅದರ ಮೇಲೆ ಗಮನ ಕೊಡಲಿಲ್ಲ. ಓಣಿಯ ಎಲ್ಲ ಹಲ್ಲಿಗಳೂ 'ನಿನಗೆ ಬಿಡುತ್ತೇನೆ' ಎಂದವು.

ಅಂದೇ ಮಧ್ಯಾಹ್ನ, ಮಣ್ಣು ಕೊಟ್ಟು ಬರುವ ಮೊದಲೇ, ನೀಲಾಂಬಿಕಾ ಲೈನ್‌ಮನ್‌ನನ್ನು ಕಳಿಸಿ ಆ ಪೆಟ್ಟಿಗೆ ಕೀಳಿಸಿದಳು, ನಳಕ್ಕೆ ಬಿರಡೆ ಜಡಿಸಿದಳು. ಸತ್ತವರ ಹೆಸರಿನ ಕನೆಕ್ಷನ್ ಇಡಬಾರದೆಂಬುದು ಕಾಯ್ದೆ. ತನ್ನವರ ಮನೆಯೆಂದು ತಡ ಮಾಡಿದಳು ಅನ್ನಿಸಿಕೊಳ್ಳುವ ಮನಸ್ಸಿರಲಿಲ್ಲ. ಚಿಗವ್ವನೇ ಇಲ್ಲದ ಮೇಲೆ ಪಾಳಿ ಎಲ್ಲಿಯದು ಎಂದುಕೊಂಡಳು.

ಮುಂದಿನ ವಾರ ಕಂಟ್ರೋಲ್ ರೂಮಿನಲ್ಲಿ ಅವಳು ಪರದೆ ನೋಡುತ್ತಿದ್ದಳು. ಹೊರಗೆ ಬಿಸಿಲು, ಒಳಗೆ ಫ್ಯಾನಿನ ಗರಗರ. ಪಂಪು ಚಾಲೂ ಆಯಿತು. ಗುಡ್ಡದ ಓಣಿಯ ವಾಲ್ವುಗಳು ಒಂದೊಂದಾಗಿ ಮುಚ್ಚಿದವು. ಎಲ್ಲವೂ. ನೀರು ಮೇಲಿನವರೆಗೆ ಏರಿ, ಬಿರಡೆಗೆ ಒತ್ತಿಕೊಂಡು ನಿಂತಿತು. ಒಂದು ಹನಿ ಎಲ್ಲಿಯೂ ಇಳಿಯಲಿಲ್ಲ. ಯಾರೋ ಒಬ್ಬರು ಬರಲೆಂದು ಇಡೀ ಓಣಿ ಬಾಗಿಲು ಹಾಕಿಕೊಂಡು ಕಾಯುತ್ತಿರುವಂತಿತ್ತು. ಪರದೆಯ ಮೂಲೆಯಲ್ಲಿ ತುಂಗವ್ವನ ಮನೆಯ ಗುರುತು ಹಸಿರಾಗಿ ಮಿನುಗುತ್ತಿತ್ತು. ಆ ಹೆಸರಿನಲ್ಲಿ 'ಬೇಕು' ಎಂಬ ಮಾತು ಬರುತ್ತಲೇ ಇತ್ತು.

ಅವಳು ಕಪಾಟು ತೆರೆದಳು. ಕಿತ್ತು ತಂದ ಪೆಟ್ಟಿಗೆ ಅಲ್ಲೇ ಇತ್ತು. ಬ್ಯಾಟರಿ ಅದರ ಪಕ್ಕದಲ್ಲಿ ಬೇರೆಯಾಗಿ ಬಿದ್ದಿತ್ತು.

ಆ ವಾರ ಹಲ್ಲಿಗಳು ಕಾದು ಕಾದು ಕಡೆಗೆ ಬಾಯಿ ತೆರೆದಾಗ ಓಣಿಗೆ ಸಿಕ್ಕದ್ದು ಪಂಪು ನಿಲ್ಲುವ ಮೊದಲಿನ ಚೂರುಪಾರು. ಅದರ ಮುಂದಿನ ವಾರ ಹಲ್ಲಿಗಳು ಇನ್ನೂ ಹೆಚ್ಚು ಹೊತ್ತು ಕಾದವು. ಯಾರೋ ಸತ್ತವಳ ಹೆಸರಿನಲ್ಲಿ ಕಳ್ಳ ಪೆಟ್ಟಿಗೆ ಹಚ್ಚಿದ್ದಾರೆಂದು ನೀಲಾಂಬಿಕಾ ಮನೆಮನೆ ಹತ್ತಿದಳು.

ಮಾಬೂಬಿಯ ಮನೆ ತುಂಗವ್ವನ ಮನೆಗೆ ಆತುಕೊಂಡೇ ಇತ್ತು. ಮಗಳು ಹಡೆದು ಹದಿನೈದು ದಿನ. ಅಂಗಳದಲ್ಲಿ ಕೂಸಿನ ದುಬಟಿಗಳ ರಾಶಿ ಒಗೆಯದೆ ಬಿದ್ದಿತ್ತು.

"ನಾ ಕಳ್ಳೀನೇನವ್ವ?" ಎಂದಳು ಮಾಬೂಬಿ. "ಕಳ್ಳಿ ಆಗಿದ್ರ ಈ ಅರಿವಿ ಹಿಂಗ ನಾರತಿದ್ವು?"

"ಹಂಗಲ್ಲಬೇ ಮಾಬಕ್ಕ. ಯಾರೋ ತಟ್ಟಾಕತ್ತಾರ."

"ತಟ್ಟೂದು ನನಗೂ ಕೇಳತೈತಿ. ಎರಡು ಸಾವಕಾಶ, ಒಂದು ಗಡಿಬಿಡಿ. ಮದ್ಯಾನದಾಗ ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ, ಗ್ವಾಡಿಯಾಗಿಂದ ತುಂಗಕ್ಕ ಕರದಂಗ ಆಗತೈತಿ. ಮೊದಲ ದಿನ ಓ ಅಂದೆ." ಅವಳು ದನಿ ತಗ್ಗಿಸಿದಳು. "ಓ ಅನಬಾರದಿತ್ತೇನ?"

ನೀಲಾಂಬಿಕಾ ಬಾಗಿ ನಳದ ಸುತ್ತಮುತ್ತ ತಡಕಿ ನೋಡಿದಳು.

"ಆಕಿ ಟಾಕಿ ಬಳದು ಚೆಲ್ಲಿದವರು ನಾವ ಅಲ್ಲೇನ" ಎಂದಳು ಮಾಬೂಬಿ. "ನೀರಡಿಸಿ ಹ್ವಾದ್ಲೇನೋ."

ಓಣಿಯ ಕೆಳತುದಿಯಲ್ಲಿದ್ದ ತನ್ನ ಮನೆಗೆ ನೀಲಾಂಬಿಕಾ ಬಂದಾಗ ಮಗಳು ಚಿನ್ಮಯಿ ಬಚ್ಚಲಲ್ಲಿ ಕೊಳವೆಗೆ ಕಿವಿ ಹಚ್ಚಿ ಕೂತಿದ್ದಳು. ಗಂಡ ಬಸ್ಸಿನ ಡ್ಯೂಟಿಯಲ್ಲಿ ದೂರದೂರಿಗೆ ಹೋಗಿದ್ದ. ಒಲೆಯ ಮೇಲೆ ಅನ್ನಕ್ಕಿಡಲು ಇದ್ದದ್ದು ಒಂದು ತಂಬಿಗೆ ನೀರು.

"ಏನ್ ಮಾಡಾಕತ್ತೀ? ಅಭ್ಯಾಸ ಆತು?"

"ಅವ್ವಾ, ತುಂಗಜ್ಜಿ ಮಾತಾಡಾಕತ್ತಾಳ."

"ಮ್ಯಾಲಿನ ಪೆಟ್ಟಿಗಿ ತಗದೀನಿ. ಅಲ್ಲಿಂದ ಹೆಂಗ ಬರತೈತಿ?"

"ಅಲ್ಲಿಂದ ಅಲ್ಲ, ಇಲ್ಲಿಂದ." ಚಿನ್ಮಯಿ ಅವ್ವನ ಕೈ ಹಿಡಿದು ತಮ್ಮ ಪೆಟ್ಟಿಗೆಯ ಮೇಲೆ ಇಟ್ಟಳು.

ಒಳಗಿನ ಸುತ್ತಿಗೆ ಅಂಗೈಗೆ ತಾಗುವಂತೆ ಆಡುತ್ತಿತ್ತು. ಎರಡು ನಿಧಾನ. ಒಂದು ಗಡಿಬಿಡಿ. ಬೇಕು.

ಅವಳು ಕೈ ಹಿಂದಕ್ಕೆಳೆದುಕೊಂಡಳು. ತಟ್ಟು ನಿಂತಿತು. ಸ್ವಲ್ಪ ಹೊತ್ತಿಗೆ ಬಾಜೂ ಗೌರವ್ವನ ಗೋಡೆಯೊಳಗಿನಿಂದ ಅದೇ ಶುರುವಾಯಿತು. ಅಲ್ಲಿ ನಿಂತ ಮೇಲೆ ಅದರಾಚೆಯ ಮನೆಯಲ್ಲಿ. ಸತ್ತವಳ ಹೆಸರು ಮನೆಯಿಂದ ಮನೆಗೆ ಗುಡ್ಡ ಹತ್ತುತ್ತ ಹೋಯಿತು.

ಮರುದಿನ ಪ್ರಯೋಗಾಲಯದಲ್ಲಿ ಇನಾಮದಾರ ಸರ್ ಓಣಿಯ ತಟ್ಟುಗಳನ್ನೆಲ್ಲ ಪರದೆಯ ಮೇಲೆ ಹರವಿಕೊಂಡು ಕೂತಿದ್ದರು. ಗಡ್ಡ ತೆಗೆದಿರಲಿಲ್ಲ.

"ಕಳ್ಳರಿಲ್ಲ ಬಾಯಾರ" ಎಂದರು. "ಉಳಿದವು ಆಕಿ ಹೆಸರಲೆ ಮಾತಾಡ್ಲಿಕ್ಕತ್ತಾವ. ಪಾಳಿ ಹಚ್ಚಿಕೊಂಡು."

"ಯಾಕ್ರೀ?"

"ಆಕಿಗೆ ನೀರು ಬಿಡ್ತೀವಿ ಅಂತ ಅವತ್ತ ಮಾತು ಕೊಟ್ಟಾವ. ಆಕಿ ಸಾಕು ಅನ್ನಲಿಲ್ಲ. ಅನ್ನೂದ್ರೊಳಗ ನೀವು ಪೆಟ್ಟಿಗಿ ಕಿತ್ತಿರಿ. ಆಕಿನ ಮರತರ ಕೊಟ್ಟ ಮಾತೂ ಹೋತು. ಅದಕ್ಕ ಆಕಿ ಇನ್ನೂ ಇದ್ದಾಳ ಅಂತ ಒಂದಕ್ಕೊಂದು ಹೇಳಿಕೋತ ಕೂತಾವ. ಇದನ್ನ ನಾ ಕಲಸಿಲ್ಲ. ಯಾರೂ ಕಲಸಿಲ್ಲ."

"ಆ ಹೆಸರು ಅಳಿಸಿಬಿಟ್ರ?"

ಇನಾಮದಾರ ಎದ್ದು ಒಳಕೋಣೆಯ ಬಾಗಿಲು ತೆರೆದರು. ಅಲ್ಲಿ ಗೋಡೆಯುದ್ದಕ್ಕೂ ಕೊಳವೆಯ ಸಾಲು, ಅದಕ್ಕೆ ಪೆಟ್ಟಿಗೆಗಳು, ಓಣಿಯದೇ ಒಂದು ಸಣ್ಣ ನಕಲು. ಎಲ್ಲವೂ ಮಾತಾಡುತ್ತಿದ್ದವು, ಸಂತೆಯ ದೂರದ ಗುಜುಗುಜಿನ ಹಾಗೆ. ಅವರು ಒಂದು ಪೆಟ್ಟಿಗೆಯ ಟಾಕಿ ಬರಿದು ಮಾಡಿದರು. ಅದು ಬೇಡಿತು, ಉಳಿದವು ಒಪ್ಪಿದವು. ಆಗ ಅವರು ಅದನ್ನು ಕಿತ್ತು, ಅದರ ಹೆಸರನ್ನು ಉಳಿದೆಲ್ಲದರ ನೆನಪಿನಿಂದ ಅಳಿಸಿದರು.

ಗುಜುಗುಜು ತೆಳುವಾಯಿತು. ಹೆಸರು ಹೋಗಿತ್ತು. ಯಾರಿಗೋ ಕೊಟ್ಟು ತೀರಿಸದ ಮಾತೊಂದರ ಖಾಲಿ ಜಾಗ ಉಳಿದಿತ್ತು; ಇನ್ನು ಯಾವ ಮಾತನ್ನೂ ನಂಬುವಂತಿರಲಿಲ್ಲ. ಒಂದು ಪೆಟ್ಟಿಗೆ ಬೇಕು ಎಂದಿತು, ಯಾವುದೂ ಉತ್ತರ ಕೊಡಲಿಲ್ಲ. ಇನ್ನೊಂದು ಎಂದಿತು, ಅದಕ್ಕೂ ಇಲ್ಲ. ಆಮೇಲೆ ಪೂರ್ತಿ ಮೌನ. ಆ ಮೌನದಲ್ಲಿ ಎಲ್ಲ ವಾಲ್ವುಗಳೂ ಒಟ್ಟಿಗೆ, ಪೂರಾ, ಬಾಯಿ ತೆರೆದವು. ನೀರು ಕೆಳಗಿನ ನಾಲ್ಕು ಟಾಕಿಗಳಿಂದ ಉಕ್ಕಿ ನೆಲಕ್ಕೆ ಚೆಲ್ಲಿತು. ಮೇಲಿನವು ಒಣಗಿ ನಿಂತವು.

"ಮತ್ತ ಮಾತಾಡಲಿಲ್ಲೇನ್ರಿ?"

"ಹೋದ ವಾರ ಬ್ಯಾರೆ ಸೆಟ್ಟಿನ ಮ್ಯಾಲೆ ಮಾಡಿದ್ದೆ. ಇನ್ನೂತನಕ ಮೂಕ ಕೂತಾವ."

ಅವರಿಬ್ಬರೂ ಹೊರಗೆ ಬಂದಾಗ ಫೋನು. ಮೇಲಿನ ಸಾಹೇಬರು.

"ಸತ್ತಾಕಿ ಹೆಸರಿಗೆ ನೀರು ಹೊಂಟೈತಿ ಅಂತ ಊರ ತುಂಬ ಸುದ್ದಿ ಐತಿ ನೀಲಾಂಬಿಕಾ ಅವರ. ನಾಳೆ ಸಂಜಿಯೊಳಗ ಅಳಸ್ರಿ. ಆಗಲಿಲ್ಲಂದ್ರ ಓಣಿ ಪೆಟ್ಟಿಗಿ ಎಲ್ಲಾ ಕೀಳಿಸ್ತೀನಿ. ಮೊದಲಿನಂಗ ಮೋಟಾರ್ ಹಚ್ಚಿಕೊಳ್ಳಲಿ."

"ಸರ್, ನಾಳೆ ನೀರಿನ ದಿನ ಐತಿ, ಅದೊಂದ ದಿನ ನನಗ ಬಿಡ್ರಿ. ಆಕಿಗೆ ಒಮ್ಮೆ ನೀರು ಕೊಟ್ಟು ಸಾಕು ಅನಿಸ್ತೀವಿ."

"ಯಾರಿಗೆ?"

ನೀಲಾಂಬಿಕಾ ಫೋನು ಇಟ್ಟಳು.

ನೀರಿನ ದಿನ ನಡು ಮಧ್ಯಾಹ್ನ ಅವಳು ತುಂಗವ್ವನ ಮನೆಯ ಬೀಗ ತೆರೆದಳು. ಇನಾಮದಾರ ಬಿರಡೆ ಬಿಚ್ಚಿ ಹಳೆಯ ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಕೂರಿಸಿದರು. ಓಣಿಯವರು ಹೊಸ್ತಿಲಾಚೆ ನಿಂತಿದ್ದರು, ಒಳಗೆ ಬರಲಿಲ್ಲ. ಮಾಬೂಬಿ ಮೊಮ್ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬ್ಯಾಟರಿ ಹಾಕಿದರು.

ಪೆಟ್ಟಿಗೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ತಟ್ಟಿತು. ಎರಡು ನಿಧಾನ, ಒಂದು ಗಡಿಬಿಡಿ.

ಓಣಿಯ ಗೋಡೆಗಳೊಳಗಿನ ಗುಜುಗುಜು ಥಟ್ಟನೆ ನಿಂತಿತು. ಇಷ್ಟು ದಿನ ಆ ಹೆಸರನ್ನು ತಾವೇ ಹೇಳಿಕೊಳ್ಳುತ್ತಿದ್ದ ಹಲ್ಲಿಗಳು ಈಗ ಅದನ್ನು ಬೇರೆ ಕಡೆಯಿಂದ ಕೇಳಿದ್ದವು. ಬಳಿಕ ಕೆಳಗಿನ ಮನೆಯಿಂದ ಹಿಡಿದು ಮೇಲಿನವರೆಗೆ ಎಲ್ಲ ಗೋಡೆಗಳೂ ಒಮ್ಮೆಗೇ ತಟ್ಟಿದವು. ಕಾಲಡಿಯ ನೆಲ ಅದುರಿದ್ದು ಎಲ್ಲರಿಗೂ ತಿಳಿಯಿತು. ಗೌರವ್ವ ಕೈಮುಗಿದಳು, ಯಾರಿಗೆ ಎಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ನಳ ಕೆಮ್ಮಿ ನೀರು ಬಿಟ್ಟಿತು. ಬರಿದಾದ ಟಾಕಿಯ ತಳಕ್ಕೆ ಬಿದ್ದ ಸದ್ದು ಬಾವಿಯೊಳಗಿನ ಸದ್ದಿನಂತಿತ್ತು. ಟಾಕಿ ತುಂಬಲು ಇನ್ನೂ ತಾಸು ಬೇಕು ಎಂದು ಇನಾಮದಾರ ಕೂರಲು ಜಾಗ ಹುಡುಕುತ್ತಿದ್ದರು. ಅಷ್ಟರಲ್ಲಿ ವಾಲ್ವು ಮುಚ್ಚಿಕೊಂಡಿತು. ಎರಡು ಕೊಡದಷ್ಟು ನೀರೂ ಬಿದ್ದಿರಲಿಲ್ಲ.

ಸಾಕು, ಎಂದಿತು ಪೆಟ್ಟಿಗೆ.

"ಇಷ್ಟಕ್ಕ ಯಾಕ..." ಎಂದು ಇನಾಮದಾರ ಪರದೆಯತ್ತ ಬಾಗಿದರು.

"ಆಕೀನ" ಎಂದಳು ಮಾಬೂಬಿ ಬಾಗಿಲಲ್ಲಿಂದ. "ಎರಡ ಕೊಡಕ್ಕ ಸಾಕು ಅಂತಿದ್ಲು. ಉಳದದ್ದು ನೀವ ತುಂಬಕೋರಿ ಅಂತಿದ್ಲು."

"ಮುದುಕಿ ಕಡಿಂದ ಕಲತದ್ದು, ಅಷ್ಟ" ಎಂದರು ಇನಾಮದಾರ. ಆದರೆ ದನಿ ಗಟ್ಟಿಯಾಗಿರಲಿಲ್ಲ.

ಕೆಳಗಿನ ಮನೆಗಳಲ್ಲಿ ಒಂದೊಂದಾಗಿ ವಾಲ್ವು ತೆರೆದವು. ಓಣಿಯುದ್ದಕ್ಕೂ ಕೊಡ, ಬಕೀಟುಗಳ ಸದ್ದೆದ್ದಿತು. ಹೆಂಗಸರು ಓಡಿದರು. ಹಗುರಾದ ನಗೆ ಕೇಳಿಸಿತು. ಹಲ್ಲಿಗಳು ಮೊದಲಿನ ಹಾಗೆ ಮಾತಿಗಿಳಿದವು.

"ಮಾತು ತೀರ್‍ತು ಬಾಯಾರ" ಎಂದರು ಇನಾಮದಾರ. "ಈಗ ಇದನ್ನ ತಗೀರಿ. ಅವು ಏನೂ ಅನ್ನೂದಿಲ್ಲ."

ನೀಲಾಂಬಿಕಾ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಾಗಿದಳು. ಆಗ ಪೆಟ್ಟಿಗೆ ಮತ್ತೆ ತಟ್ಟಿತು. ಮಾಬೂಬಿಯ ಗೋಡೆ ಏನೋ ಕೇಳಿತ್ತು, ಬಾಣಂತಿಯ ಮನೆಗೆ ಬರುವ ವಾರ ಇನ್ನೂ ಬೇಕಾಗುತ್ತಿತ್ತು. ಪರದೆಯ ಮೇಲೆ ತುಂಗವ್ವನ ಹೆಸರಿನೆದುರು ಉತ್ತರ ಮೂಡಿತು: ನಿನಗೆ ಬಿಡುತ್ತೇನೆ.

ಇನಾಮದಾರ ಕನ್ನಡಕ ತೆಗೆದು ಒರೆಸಿಕೊಂಡರು. "ಮಾತು ಕೊಟ್ಟುಬಿಡ್ತಲ್ಲ. ಈಗ ಕಿತ್ರ ಆ ಮಾತೂ ಅರ್ಧಕ್ಕ ನಿಲ್ತದ" ಎಂದರು.

ಸಾಹೇಬರ ಫೋನು ಬಂತು. "ತಗದ್ರೇನ?"

"ಇಲ್ಲ ಸರ್."

"ಜೀವಂತ ಇದ್ದವರ ಹೆಸರಿಲ್ಲದ ಕನೆಕ್ಷನ್ ನಾ ಇಡಂಗಿಲ್ಲ."

"ನನ್ನ ಹೆಸರಿಗೆ ಮಾಡ್ರಿ."

"ನಿಮಗ ಕೆಳಗ ಒಂದು ಐತಿ. ಒಬ್ಬರಿಗೆ ಒಂದ. ಕಾಯ್ದೆ ನಿಮಗ ನಾ ಹೇಳಿಕೊಡಬೇಕೇನು?"

ನೀಲಾಂಬಿಕಾ ಕೆಳಗೆ ನೋಡಿದಳು. ಓಣಿಯ ತುದಿಯಲ್ಲಿ ತನ್ನ ಮನೆಯ ತಗಡು ಹೊಳೆಯುತ್ತಿತ್ತು. ಈಗಷ್ಟೇ ನೀರು ಬಂದದ್ದಕ್ಕೆ ಚಿನ್ಮಯಿ ಬಾಗಿಲಲ್ಲಿ ಪಾದ ತೊಳೆದುಕೊಳ್ಳುತ್ತಿದ್ದಳು.

"ಕೆಳಗಿಂದು ಬಿಡ್ತೀನ್ರಿ" ಎಂದಳು.

ಮನೆಯಲ್ಲಿ ಇದು ಸುಲಭಕ್ಕೆ ಇಳಿಯಲಿಲ್ಲ. ಡ್ಯೂಟಿ ಮುಗಿಸಿ ಬಂದ ಗಂಡ ಒಣ ನಳದ ಮುಂದೆ ನಿಂತು, "ಊರಿಗೆಲ್ಲ ನೀರು ಬಿಡೂ ಎಂಜಿನಿಯರಮ್ಮನ ಮನ್ಯಾಗ ಮಾರಿ ತೊಳಿಯಾಕ ನೀರಿಲ್ಲ. ಡಿಪೊದಾಗ ಹೇಳಿದ್ರ ಯಾರೂ ನಂಬಂಗಿಲ್ಲ" ಎಂದ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ತಾನೇ ಕೊಡ ಎತ್ತಿಕೊಂಡ.

ತನ್ನ ಮನೆಯ ಪೆಟ್ಟಿಗೆ ತೆಗೆಯುವಾಗ ನೀಲಾಂಬಿಕಾ ಅವಸರ ಮಾಡಲಿಲ್ಲ. ಅದಕ್ಕೆ ಬರಬೇಕಾದದ್ದು ಬಂದು, ಅದು ಕೊಡಬೇಕಾದದ್ದು ಕೊಟ್ಟು, ಕೊನೆಯ ಸಲ ಸಾಕು ಎನ್ನುವವರೆಗೆ ಬಚ್ಚಲಲ್ಲೇ ಕೂತಿದ್ದಳು. ಕಿತ್ತ ಮೇಲೆ ಆ ಮನೆಯ ಗೋಡೆ ಮಾತಾಡಲಿಲ್ಲ.

ಈಗ ನೀರಿನ ದಿನ ತಾಯಿ ಮಗಳು ಕೊಡ ಹಿಡಿದು ಗುಡ್ಡ ಹತ್ತುತ್ತಾರೆ. ಬೀಗ ಹಾಕಿದ ಮನೆಯೊಳಗೆ ನಳ ತಾನಾಗಿ ತೆರೆಯುವುದು, ಎರಡು ಕೊಡ ಬಿದ್ದು ತಾನಾಗಿ ಮುಚ್ಚುವುದು ಅವರಿಗೆ ಹೊರಗಿನಿಂದಲೇ ಕೇಳುತ್ತದೆ. ಅಷ್ಟೇ ನೀರು ಅವರ ಪಾಲಿಗೆ. ಪೆಟ್ಟಿಗೆಗೆ ಹೊಸ ಮನೆಯವರ ರೂಢಿ ಕಲಿಸಬಹುದೆಂದು ಇನಾಮದಾರ ಹೇಳಿದ್ದರು. ನೀಲಾಂಬಿಕಾ ಬೇಡವೆಂದಳು. ಓಣಿಯಲ್ಲಿ ಯಾರಿಗೆ ಕೊರತೆಯಾದರೂ ಎಲ್ಲರಿಗಿಂತ ಮೊದಲು ಆ ಮನೆಯ ತಟ್ಟೇ ಕೇಳುತ್ತದೆ, ನಿನಗೆ ಬಿಡುತ್ತೇನೆ ಎಂದು. ಅದನ್ನು ಕೇಳಿದ ಮೇಲೆ ಉಳಿದವು ಕೂಡ ಒಂದೊಂದಾಗಿ ಒಪ್ಪುತ್ತವೆ. ಚಿನ್ಮಯಿ ಬೀಗ ತೆಗೆಯುವ ಮೊದಲು ಬಾಗಿಲು ಬಡಿಯುತ್ತಾಳೆ. ಯಾಕೆ ಎಂದು ಅವ್ವ ಕೇಳಿಲ್ಲ.

ನೀಲಾಂಬಿಕಾ ಆ ಊರಿನ ನೀರಿನ ಕೆಲಸದಲ್ಲಿ ಇದ್ದ ಅಷ್ಟೂ ಕಾಲ ತುಂಗವ್ವನ ನಳದ ಪಾಳಿ ಮತ್ತೆ ತಪ್ಪಲಿಲ್ಲ.